ಹೊಲದಲ್ಲಿ ಮಲಗಿದವನ ಲೆಕ್ಕ

ಕೊನೆಯ ಚೌಕ ರುದ್ರಮುನಿಯ ಕೈಗೇ ಬಂತು. ತಿರುಗಿಸಿ ನೋಡಿದ. ಈ ತುದಿಯಿಂದ ಆ ತುದಿಗೆ ರಸ್ತೆ. ಚಾಪೆಯ ತುಂಬ ಹರಡಿದ್ದ ರಟ್ಟಿನ ಚೌಕಗಳ ನಡುವೆ ಅದು ಕೂರುವ ಜಾಗ ಒಂದೇ ಉಳಿದಿತ್ತು, ಅವ್ವನ ಹೊಲದಲ್ಲಿ.

"ಇಡ್ರಿ ಪಪ್ಪಾ, ಲಗೂ. ಎಣಿಸೋಣು," ಎಂದಳು ಮಗಳು ಶ್ವೇತಾ.

ಆಟ ಅವಳ ಸೋದರಮಾವ ಪುಣೆಯಿಂದ ತಂದುಕೊಟ್ಟದ್ದು. ಒಬ್ಬೊಬ್ಬರೂ ಒಂದೊಂದು ಚೌಕ ಎತ್ತಿ, ರಸ್ತೆಗೆ ರಸ್ತೆ, ಹೊಲಕ್ಕೆ ಹೊಲ ಕೂಡುವಂತೆ ಇಡುತ್ತ ಹೋಗಬೇಕು. ಕಟ್ಟಿಗೆಯ ಪುಟ್ಟ ಮನುಷ್ಯರನ್ನು ಊರಿನಲ್ಲಿ ನಿಲ್ಲಿಸಬಹುದು, ಹೊಲದಲ್ಲಿ ಮಲಗಿಸಬಹುದು. ಮಲಗಿಸಿದವನನ್ನು ಆಟ ಮುಗಿಯುವವರೆಗೆ ಎಬ್ಬಿಸುವಂತಿಲ್ಲ. ಅವನ ಲೆಕ್ಕ ಎಲ್ಲರಿಗಿಂತ ಕೊನೆಗೆ, ಅವನ ಹೊಲಕ್ಕೆ ಹತ್ತಿದ ಊರೊಂದಕ್ಕೆ ಮೂರರಂತೆ. ರುದ್ರಮುನಿಯ ತಾಯಿ ಸಿದ್ದವ್ವ ಹಾವೇರಿಯ ಈ ಪಡಸಾಲೆಯಲ್ಲಿ ಕೂತು ಎರಡೇ ಭಾನುವಾರದಲ್ಲಿ ಆಟ ಕಲಿತು, ಮಗನನ್ನೂ ಮೊಮ್ಮಗಳನ್ನೂ ಸೋಲಿಸತೊಡಗಿದ್ದಳು. ಗುಟ್ಟೇನೂ ಇಲ್ಲ. ಅವರಿಬ್ಬರೂ ಊರು ಕಟ್ಟಲು ಬಡಿದಾಡುತ್ತಿದ್ದರೆ, ಆಕೆ ತಣ್ಣಗೆ ಒಬ್ಬನನ್ನು ಹೊಲದಲ್ಲಿ ಮಲಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ರುದ್ರಮುನಿ ಚೌಕ ಹಿಡಿದೇ ಕುಳಿತ. ಅದು ಹೆದ್ದಾರಿಯನ್ನು ನಾಲ್ಕು ಪಥ ಮಾಡುತ್ತಿದ್ದ ವರ್ಷ. ಮೋಟೆಬೆನ್ನೂರಿನ ಹತ್ತಿರ ಹೊಸ ರಸ್ತೆ ಅವರ ಹೊಲವನ್ನೇ ಸೀಳಿಕೊಂಡು ಹೋಗುತ್ತಿತ್ತು. ಹಳೆಯ ರಸ್ತೆಗೂ ಹೊಸದಕ್ಕೂ ನಡುವೆ ಸಿಕ್ಕ ಪಟ್ಟಿ ಇನ್ನು ಅವರದಲ್ಲ, ಮತ್ತು ಅಲ್ಲಿಯೇ ಇತ್ತು ಬೇವಿನ ಮರ. ಅದರ ಬುಡದಲ್ಲಿ ಅಪ್ಪ ಸೋಮಣ್ಣನನ್ನು ಮೂರು ವರ್ಷದ ಹಿಂದೆ, ತಮ್ಮ ಪದ್ಧತಿಯಂತೆ, ಕೂರಿಸಿ ಮಣ್ಣು ಕೊಟ್ಟಿದ್ದರು. ನಾಳೆ ಯಂತ್ರ ಬರುತ್ತದೆ. ಅದಕ್ಕೂ ಮೊದಲು, ನಸುಕಿನಲ್ಲೇ, ಅಪ್ಪನನ್ನು ತೆಗೆದು, ಉಳಿದ ಹೊಲಕ್ಕೆ ತಂದು ಮತ್ತೆ ಮಣ್ಣು ಮಾಡಬೇಕು. ಐನೋರಿಗೆ ಹೇಳಿಯಾಗಿತ್ತು, ಅಗೆಯುವವರಿಗೆ ಹೇಳಿಯಾಗಿತ್ತು. ಅವ್ವನಿಗೆ ಮಾತ್ರ ಹೇಳಿರಲಿಲ್ಲ. ಮಾತು ಬಿಸಿತುಪ್ಪವಾಗಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಈ ಆಟ ಮುಗಿಯುತ್ತಲೇ ಹೇಳಿಬಿಡಬೇಕೆಂದು ಕುಳಿತಿದ್ದ.

"ಇದೊಂದು ಬಿಟ್ಟುಬಿಡೋಣು," ಎಂದ. "ಇಷ್ಟಕ್ಕ ಎಣಿಸು."

"ಹಂಗ ಬಿಡಾಕ ಬರಂಗಿಲ್ರಿ!"

"ಬಂದದ್ದನ್ನ ಇಡಬೇಕಪಾ," ಎಂದು ಸಿದ್ದವ್ವ ಅವನ ಕೈಯಿಂದ ಚೌಕ ತೆಗೆದುಕೊಂಡು ತಾನೇ ಇಟ್ಟಳು. ರಸ್ತೆ ಎರಡೂ ಕಡೆ ಸರಿಯಾಗಿ ಕೂಡಿತು. ಆಕೆಯ ಹೊಲ ಎರಡು ತುಂಡಾಯಿತು.

ಶ್ವೇತಾ ಲೆಕ್ಕಕ್ಕೆ ಬಿದ್ದಳು. ಪಪ್ಪನ ಊರುಗಳಾದವು, ತನ್ನ ರಸ್ತೆಗಳಾದವು. ಕೊನೆಗೆ ಹೊಲದ ಮೇಲೆ ಬಂದ ಬೆರಳು ನಿಂತುಬಿಟ್ಟಿತು. ನಾಲ್ಕು ಊರೂ ರಸ್ತೆಯ ಆಚೆ. ಮಲಗಿದ ಮನುಷ್ಯ ಈಚೆಯ ಸಣ್ಣ ಪಟ್ಟಿಯಲ್ಲಿ.

"ಆಯಿ, ನಿನ್ನ ಹೊಲಕ್ಕ ಸೊನ್ನಿ ಆತು."

"ಯಾಕವಾ? ಮೊದಲಿನಿಂದ ಅಲ್ಲೇ ಅದಾನಲ್ಲ ಅಂವಾ. ನಾಕೂ ಊರು ಅಂವನ ಹೊಲಕ್ಕ ಹತ್ತಿದ್ದವು."

"ಮೊದಲಿನಿಂದ ಇದ್ದದ್ದು ಲೆಕ್ಕಕ್ಕ ಬರಂಗಿಲ್ಲ. ಕಡೀಕ ರಸ್ತಾದ ಯಾವ ಕಡೆ ಅದಾನ, ಅದಷ್ಟ."

ಸಿದ್ದವ್ವ ಚಾಪೆಯನ್ನೇ ನೋಡುತ್ತ ಕುಳಿತಳು. ರುದ್ರಮುನಿಗೆ ತಡೆಯಲಾಗಲಿಲ್ಲ. "ಯವ್ವಾ..." ಎಂದ. ಕಣ್ಣಲ್ಲಿ ನೀರು ಬಂತು.

"ಗೊತ್ತೈತಿ," ಎಂದಳು ಆಕೆ. "ಹ್ವಾದ ಸೋಮವಾರ ನಿಮ್ಮಪ್ಪಗ ಎಡಿ ಹಿಡಕೊಂಡು ನಾ ಬಸ್ಸಿಗೆ ಹೋಗಿದ್ನೆಲ್ಲ? ಬೇವಿನ ಗಿಡಕ್ಕ ಸುಣ್ಣದ ಗುರುತು ಹಾಕ್ಯಾರ. ಯಾಕಂತ ಬಾಜೂ ಹೊಲದಾವ್ರು ಹೇಳಿದ್ರು. ಇವತ್ತ ಹೇಳ್ತಿ, ನಾಳಿ ಹೇಳ್ತಿ ಅಂತ ನಿನ್ನ ದಾರಿ ನೋಡಿದೆ."

"ಹೆಂಗ ಹೇಳ್ಲಿ ಯವ್ವಾ? ನೀ ನಾಳೆ ಬರೂದು ಬ್ಯಾಡ. ನಿನಗ ನೋಡಾಕ ಆಗಂಗಿಲ್ಲ. ಎಲ್ಲಾ ನಾವ ಮಾಡ್ತೇವಿ."

ದೊಡ್ಡವರ ಮಾತು ತನಗೆ ಸಂಬಂಧಿಸಿದ್ದಲ್ಲ ಎಂದುಕೊಂಡ ಶ್ವೇತಾ ಚೌಕಗಳನ್ನು ಡಬ್ಬಿಗೆ ತುಂಬತೊಡಗಿದಳು. ಹೊಲದಲ್ಲಿ ಮಲಗಿದ್ದ ಕಟ್ಟಿಗೆಯ ಮನುಷ್ಯನಿಗೆ ಕೈ ಹಾಕಿದಾಗ ಸಿದ್ದವ್ವ ಅವಳ ಮುಂಗೈ ಹಿಡಿದಳು.

"ಇವನ ಲೆಕ್ಕ ಮುಗೀತಲ್ಲ ಆಯಿ. ಈಗ ಎಬ್ಬಿಸಬಹುದು."

ಸಿದ್ದವ್ವ ಮೊಮ್ಮಗಳ ಕೈ ಬಿಡಲಿಲ್ಲ, ಮಗನ ಮುಖ ನೋಡಿದಳು.

"ನಾ ಬರಾಕಿನ. ಕುಂತ ಹಿರಿಯರನ್ನ ಹೇಳದ ಕೇಳದ ಎಬ್ಬಿಸಬಾರದು. 'ಏಳ್ರಿ, ಆಚೀ ಕಡೆ ಹೋಗೋಣು' ಅಂತ ಮೊದಲ ನಾ ಹೇಳ್ತೇನಿ. ಆಮ್ಯಾಲ ಗುದ್ದಲಿ ಹಚ್ಚರಿ."