ಹಾಜರಿ

"ಹ್ವಾಯ್ ಉಮಕ್ಕ, ಮೀನ್ ಆಮೇಲೆ ಕಾಂಬೊ. ಮೊದ್ಲ್ ಇದನ್ನ್ ಓದಿ ಹೇಳಿ" ಎನ್ನುತ್ತ ಜಲಜ ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿದಳು. ಕೈ ಒರೆಸಿಕೊಂಡು ಪ್ಲಾಸ್ಟಿಕ್ ಕವರಿನಿಂದ ಪುಸ್ತಕ ತೆಗೆದು ಜಗಲಿಯ ಅಂಚಿಗಿಟ್ಟಳು. ಮಗಳು ಚಂದನಾಳ ಮೊದಲ ಕಥಾಸಂಕಲನ ಅದು. ನಿನ್ನೆ ಬ್ರಹ್ಮಾವರದಲ್ಲಿ ಬಿಡುಗಡೆಯಾಗಿತ್ತು. ಮಂಡಿಯ ಆಪರೇಷನ್ ಆಗಿದ್ದರಿಂದ ಉಮಾವತಿಗೆ ಹೋಗಲಾಗಿರಲಿಲ್ಲ. "ಒಂದು ನಿನಗೆ, ಒಂದು ಅವರಿಗೆ" ಎಂದು ಮಗಳು ಎರಡು ಪ್ರತಿ ಕೊಟ್ಟಿದ್ದಳು. ಇದು ಅವರದು.

ಜಲಜ ಕೋಡಿಯಿಂದ ಕೋಟೇಶ್ವರದ ಈ ಮನೆಗೆ ಮೀನು ಹೊರಲು ತೊಡಗಿ ಇಪ್ಪತ್ತೈದು ವರ್ಷವಾಯಿತು. ಗಂಡ ಕಡಲಿಗೆ ಹೋದವನು ಬರಲಿಲ್ಲ. ಮೂರು ವರ್ಷದ ಮಗಳನ್ನು ನೋಡಿಕೊಳ್ಳಲು ಜನವಿಲ್ಲದೆ ಜೊತೆಗೇ ಕರೆತರುತ್ತಿದ್ದಳು. ಮೈಯೆಲ್ಲ ಮೀನಿನ ವಾಸನೆ ಎಂದು ಜಲಜ ಇವತ್ತಿಗೂ ಅಂಗಳ ದಾಟಿದವಳಲ್ಲ. ಬಾ ಎಂದು ಅವಳನ್ನು ಯಾರೂ ಕರೆದೂ ಇರಲಿಲ್ಲ. ಮಗುವನ್ನು ಮಾತ್ರ ಉಮಾವತಿ ಒಳಗೆ ಕರೆದರು. ಅಲ್ಲೇ ಗಂಜಿ, ಅಲ್ಲೇ ಚಿತ್ರದ ಪುಸ್ತಕ, ಅಲ್ಲೇ ಮಧ್ಯಾಹ್ನದ ನಿದ್ದೆ. ಉಳಿದ ಮನೆಗಳನ್ನು ಮುಗಿಸಿ ಜಲಜ ಬಂದರೆ ಮಗಳು ಹೊರಡಲೊಲ್ಲದೆ ಅಳುತ್ತಿದ್ದಳು. ಆ ಅಳು ಜಲಜಳಿಗೆ ಇನ್ನೂ ಮರೆತಿಲ್ಲ.

ಅವಳಿಗೆ ಓದು ಬಾರದು. ಗುರುತು ಸಿಗುವುದು ಮೂರೇ ಅಕ್ಷರ, ತನ್ನ ಹೆಸರು. ಹೆಬ್ಬೆಟ್ಟು ಒತ್ತಬಾರದೆಂದು ಮಹಿಳಾ ಸಂಘದ ಮೇಡಂ ಕಲಿಸಿದ್ದು. ವಾರಕ್ಕೊಮ್ಮೆ ಹಾಜರಿ ಪುಸ್ತಕದಲ್ಲಿ ಅದನ್ನು ಬರೆಯುತ್ತಾಳೆ. ಮೊದಲ ಪುಟದಲ್ಲಿ ಯಾರ ಹೆಸರಿದೆಯೋ ಅವರಿಗೇ ಈ ಪುಸ್ತಕ ಎಂದು ನಿನ್ನೆ ವೇದಿಕೆಯಲ್ಲಿ ಯಾರೋ ಹೇಳಿದ್ದರು. ಬಸ್ಸಿನಲ್ಲಿ ಬರುತ್ತ ಜಲಜ ಆ ಪುಟದ ಮೇಲೆ ಬೆರಳಿಟ್ಟು ಹುಡುಕಿದಳು. ಮೂರು ಅಕ್ಷರ ಸಿಗಲಿಲ್ಲ. ಮಗಳನ್ನೇ ಕೇಳಬಹುದಿತ್ತು, ಬಾಯಿ ಬರಲಿಲ್ಲ. ಒಂದೇ ಆಸೆ ಉಳಿದಿತ್ತು. ಹೆಸರು ಬರೆಯದೆ, ಮಗಳು ತನ್ನನ್ನು ಕರೆಯುವ ಹಾಗೆ ಬರೀ ಅಬ್ಬಿ ಎಂದು ಬರೆದಿರಬಹುದಲ್ಲ, ಹೆತ್ತವಳನ್ನು ಯಾರು ಹೆಸರು ಹಿಡಿದು ಕರೆಯುತ್ತಾರೆ?

ಉಮಾವತಿ ಕನ್ನಡಕ ಹಾಕಿಕೊಂಡು ಪುಟ ತೆರೆದರು. ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೊಮ್ಮೆ ಓದಿದರು.

"ಎಂತ ಬರ್ದಿತ್?"

"ಮತ್ತೆಂತ ಬರೂದ್? 'ನನ್ನನ್ನು ಹೆತ್ತು ಸಾಕಿದ ಜಲಜಳಿಗೆ' ಅಂದ್ ಬರ್ದಿತ್ ಕಾಣ್."

ಜಲಜ ಬುಟ್ಟಿಯ ಪಕ್ಕ ಕುಕ್ಕರಿಸಿದಳು. ನಸುಕಿಗೇ ಎದ್ದು ಬಂದರಿಗೆ ಹೋಗಿದ್ದ ಸುಸ್ತೆಲ್ಲ ಈಗ ಒಟ್ಟಿಗೆ ಸೊಂಟಕ್ಕೆ ಇಳಿಯಿತು.

"ಅಬ್ಬಿಗೆ ಅಂದ್ ಓದಿದ್ರೆ ನಂಬ್ತಿದ್ದೆ ಉಮಕ್ಕ. ನೀವ್ ಹೆಸ್ರ್ ಹೇಳಿದ್ರಿ. ನನ್ ಹೆಸ್ರ್ ನಂಗ್ ಗೊತ್ತಾತ್ತ್. ಅಲ್ಲ್ ಅದ್ ಇಲ್ಲ."

ಉಮಾವತಿಯ ಮುಖ ಸಣ್ಣಗಾಯಿತು. "ಅಲ್ಲ್ ಇಪ್ಪುದನ್ನ್ ಬರಿ ಅಂದ್ ನಾ ಅವ್ಳಿಗ್ ಹೇಳ್ಲಿಲ್ಲ ಮಾರಾಯ್ತಿ."

"ಗೊತ್ತಿತ್ತ್. ಇದ್ದದ್ದ್ ಓದಿ."

ಉಮಾವತಿ ಈ ಸಲ ಕನ್ನಡಕ ಹಾಕಿಕೊಳ್ಳಲೇ ಇಲ್ಲ. "'ಒಳಗೆ ಬಾ ಎಂದು ಕರೆದ ಉಮಾವತಿಯಮ್ಮನಿಗೆ. ನನ್ನ ಮೊದಲ ಮನೆಗೆ.' ಇಷ್ಟೇ."

ಜಲಜಳಿಗೆ ಸಿಟ್ಟು ಬಂದದ್ದು ನಿಜ. ಆದರೆ ಅದನ್ನು ಯಾರ ಮೇಲೆ ತೀರಿಸುವುದು? ಗಂಜಿ ಬಡಿಸಿದವರ ಮೇಲೋ, ಉಂಡವಳ ಮೇಲೋ? ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು.

"ಸುಳ್ಳೆಂತ ಬರಿಲಿಲ್ಲ, ಬಿಡಿ. ನಾ ಹಗ್ಲಿಡೀ ಬೀದಿ ಮೇಲೆ ಇದ್ದವ್ಳ್. ಮನಿಗ್ ಹೋಯಿ ಮೊಕ ತೊಳ್ದ್ ಕೂಕಂಬ ಹೊತ್ತಿಗೆ ಮಗು ಮನಿಕಂಡ್ ಆಯ್ತಿತ್ತ್."

ಹತ್ತು ಬಂಗುಡೆ ಎಣಿಸಿ ತಟ್ಟೆಗೆ ಹಾಕಿದಳು. ಮೇಲೊಂದು ಕೊಸರು ಕೇಳದೆ ಈ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಬಿಡದಿದ್ದ ಉಮಾವತಿ ಇಂದು ಸುಮ್ಮನೆ ತಟ್ಟೆ ಎಳೆದುಕೊಂಡರು. ಜಲಜ ತಟ್ಟೆಯನ್ನು ಹಿಡಿದು ನಿಲ್ಲಿಸಿ ಕೊಸರು ತಾನೇ ಹಾಕಿದಳು.

"ಪೆನ್ನ್ ಇತ್ತಾ?"

ಕಿಟಕಿಯ ಮೇಲಿದ್ದ ಪೆನ್ನನ್ನು ಉಮಾವತಿ ಕೊಟ್ಟರು. ಜಲಜ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಆ ಎರಡು ಸಾಲಿನ ಕೆಳಗೆ, ಸಂಘದ ಪುಸ್ತಕದಲ್ಲಿ ಬರೆಯುವಷ್ಟೇ ನಿಧಾನಕ್ಕೆ ಮೂರು ಅಕ್ಷರ ಬರೆದಳು. ಕೈಯಲ್ಲಿದ್ದ ಮೀನಿನ ನೀರು ಪುಟಕ್ಕೆ ತಾಗಿತು. ಈ ಸಲ ಅವಳು ಕೈ ಒರೆಸಿಕೊಂಡಿರಲಿಲ್ಲ.

"ಎಂತ ಮಾಡುದ್ ಜಲಜ?"

"ಹಾಜರಿ ಹಾಕ್ತೆ ಉಮಕ್ಕ. ಅಂಗಳದಗೇ ಆಯ್ಲಿ, ನಾನೂ ಇದ್ದಿದ್ದೆ ಅಲ್ದಾ?"