ಅಟ್ಟದ ಮೇಲಿನ ಸದ್ದು

“ನಮ್ಮನೇಲಿ ಅಂಥ ಮಕ್ಕಳ್ಯಾರೂ ಇಲ್ಲ ಕಣ್ರೀ” ಎಂದು ಸಣ್ಣತಿಮ್ಮಯ್ಯ ಎರಡನೇ ಸಲ ಹೇಳಿದ. ಮೊದಲನೇ ಸಲ ಅಂಗಳದ ಕಾಯಿ ರಾಶಿಯ ಕಡೆ ತಿರುಗಿಕೊಂಡು ಹೇಳಿದ್ದ. ಜಗಲಿಯ ಮೇಲಿದ್ದ ಮೇಷ್ಟ್ರು ಅದನ್ನೇ ಮತ್ತೆ ಕೇಳಿದ್ದರು. ಪೊಲೀಸರ ವರಸೆ.

ಮೇಷ್ಟ್ರು ಮೈಸೂರಿನ ಕಿವುಡು ಮಕ್ಕಳ ಶಾಲೆಯವರು. ಎಂಬತ್ತೊಂದರ ಆ ಬೇಸಿಗೆಯಲ್ಲಿ ತುರುವೇಕೆರೆ ಸುತ್ತಿನ ಊರೂರು ತಿರುಗಿ ಮಕ್ಕಳನ್ನು ಪಟ್ಟಿ ಮಾಡುತ್ತಿದ್ದರು. ಮಾತು ಏರಿಳಿತವಿಲ್ಲದೆ ಮಗ್ಗಿ ಒಪ್ಪಿಸಿದಂತಿತ್ತು, ಮೈಸೂರಿನ ಗತ್ತಿರಬೇಕು. ಕಣ್ಣು ಮಾತ್ರ ಸಣ್ಣತಿಮ್ಮಯ್ಯನ ಮುಖ ಬಿಟ್ಟು ಕದಲುತ್ತಿರಲಿಲ್ಲ. ಸುಳ್ಳು ಹೇಳುವವನಿಗೆ ಅದಕ್ಕಿಂತ ಹಿಂಸೆ ಬೇಕೆ?

“ಇವತ್ತೇ ಕೊನೆ. ಒಂಬತ್ತು ವರ್ಷ ದಾಟಿದವರನ್ನು ಸೇರಿಸಿಕೊಳ್ಳೋದಿಲ್ಲ” ಎಂದರು.

ಅಟ್ಟದ ಮೇಲೆ ಕಾಯಿ ಆರಿಸುತ್ತಿದ್ದ ಕಿರಿಮಗಳು ನಿಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಮುಂದಿನ ತಿಂಗಳಿಗೆ ಒಂಬತ್ತು ತುಂಬುತ್ತಿತ್ತು. ಆದರೆ ನಾಳಿದ್ದು ದೊಡ್ಡ ಮಗಳನ್ನು ನೋಡಲು ಮಾಯಸಂದ್ರದವರು ಬರುವವರು. ತಂಗಿಯ ಹೆಸರು ಪಟ್ಟಿಗೆ ಹತ್ತಿದರೆ ಸುದ್ದಿ ಸಂಜೆ ಬಸ್ಸಿಗೇ ಮಾಯಸಂದ್ರ ಮುಟ್ಟುತ್ತದೆ.

ಅಷ್ಟರಲ್ಲಿ ಅಟ್ಟದ ಮೇಲೆ ದಡದಡ ಕಾಯಿ ಉರುಳಿದವು. ಸಣ್ಣತಿಮ್ಮಯ್ಯ ತಟ್ಟನೆ “ಇಲಿ ಕಾಟ” ಎಂದ, ಯಾರೂ ಕೇಳದಿದ್ದರೂ.

“ಎಲ್ಲಿ ಇಲಿ?” ಮೇಷ್ಟ್ರು ಅಟ್ಟದ ಕಡೆ ತಲೆಯನ್ನೂ ಎತ್ತಲಿಲ್ಲ.

ಎಲ್ಲ ಗೊತ್ತಾಗಿದೆ, ಬೇಕೆಂದೇ ಆಟ ಆಡಿಸುತ್ತಿದ್ದಾರೆ! ಅವನಿಗೆ ರೇಗಿತು. “ಅಲ್ರೀ, ಕಿವಿ ಕೇಳದವಕ್ಕೆ ಓದು ಕಲಿಸಿ ಏನ್ಮಾಡ್ತೀರಿ? ಅಮಲ್ದಾರ್ ಕೆಲ್ಸ ಕೊಡ್ತಾರಾ?”

“ಅಮಲ್ದಾರ್ ಕೆಲಸ ಕೊಡಲ್ಲ” ಮೇಷ್ಟ್ರು ನಕ್ಕರು. “ಬೇರೆ ಕೊಡ್ತಾರೆ.”

ಎದ್ದವರು ರಾಶಿಯಿಂದ ಒಂದು ಕಾಯಿ ತೆಗೆದುಕೊಂಡರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು ಈ ಸೀಮೆಯ ರೂಢಿ. ಒಳಗೆ ಲೊಟಲೊಟ ಎಂದರೆ ಕೊಬ್ಬರಿ ಆಗಿದೆ. ಇವರು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಅಲ್ಲಾಡಿಸಿ, “ಕೊಬ್ಬರಿ ಆಗಿದೆ” ಎಂದು ಇಟ್ಟು ಹೊರಟರು. ಪೇಟೆಯವರಿಗೇನು ಗೊತ್ತು ಎಂದು ಸಣ್ಣತಿಮ್ಮಯ್ಯ ಅದನ್ನೇ ಕಿವಿಗೆ ಹಿಡಿದ. ಆಗಿತ್ತು.

ನಿಂಗಿ ಏಣಿ ಇಳಿದು ಬಂದಳು. ಕಾಯೊಂದನ್ನು ಅಂಗೈಗಳಲ್ಲಿ ಒತ್ತಿ ಅಲ್ಲಾಡಿಸಿ, ಸರಿಯೇ ಎಂದು ಹುಬ್ಬು ಹಾರಿಸಿದಳು. ಅಪ್ಪ ತಲೆಯಾಡಿಸಿದರೆ ಸಾಕು, ಮುಖವೆಲ್ಲ ನಗು. ಇಷ್ಟು ವರ್ಷಕ್ಕೆ ಅವನು ಅವಳಿಗೆ ಕೊಟ್ಟ ಓದು ಅಷ್ಟೇ.

ಅವನು ತಲೆಯಾಡಿಸಲಿಲ್ಲ. ಅವಳ ಕೈ ಹಿಡಿದು ಓಡಿದ.

“ಮೇಷ್ಟ್ರೇ! ಸುಳ್ಳು ಹೇಳ್ಬುಟ್ಟೆ ಕಣ್ರೀ! ಇಗೋ ನನ್ಮಗಳು!”

ಬೀದಿಗೆ ಬೀದಿಯೇ ತಿರುಗಿ ನೋಡಿತು. ಮೇಷ್ಟ್ರು ನೋಡಲಿಲ್ಲ. ಬಸ್ಸು ಕೆರೆ ಏರಿಗೆ ಬಂತು. ಮತ್ತೆ ಕೂಗಿದ. ಊಹೂಂ. ಇಷ್ಟು ಸಿಟ್ಟೆ? ನ್ಯಾಯವೇ ಎನ್ನಿಸಿ ನಿಂತುಬಿಟ್ಟ.

ಬೆಳಿಗ್ಗೆ ಮೇಷ್ಟ್ರಿಗೆ ಟೀ ಕೊಟ್ಟಿದ್ದ ಅಂಗಡಿ ಗಂಗಯ್ಯ ಲೋಟ ತೊಳೆಯುತ್ತಲೇ ಗದರಿದ: “ಹಿಂದಿಂದ ಯಾಕ್ಲಾ ಬಡ್ಕೊತೀಯ? ಮುಂದೆ ಹೋಗಿ ನಿಂತು ಮಾತಾಡು. ಬಾಯಿ ನೋಡೇ ತಿಳ್ಕೊಳೋದು ಅವ್ರು. ಚಿಕ್ಕಂದಿಂದ ಅವ್ರಿಗೂ ಕಿವಿ ಕೇಳಲ್ಲ.”