ಕೊಡುಗೈ

ಫೋಟೋಗ್ರಾಫರ್ "ಇನ್ನೊಂದ್ಸಲ" ಎಂದಾಗ, ಬ್ಯಾನರಿನಲ್ಲಿ ತಮ್ಮನ್ನು ತಾವೇ ಕೊಡುಗೈ ದಾನಿ ಎಂದು ಬರೆಸಿಕೊಂಡಿದ್ದ ಯಜಮಾನರು ಮತ್ತೆ ವಿದ್ಯಾರ್ಥಿನಿಯ ಕೊರಳಿಗೆ ಸ್ಟೆತಸ್ಕೋಪ್ ಹಾಕಿದರು. ವಿದ್ಯಾರ್ಥಿವೇತನ ಪಡೆದವರಿಗೆಲ್ಲ ಅದೊಂದೇ ಸ್ಟೆತಸ್ಕೋಪ್. ಫೋಟೋ ಮುಗಿದರೆ ವಾಪಸ್ ಡಬ್ಬಿಗೆ. ದಾನಕ್ಕಿಂತ ಡಂಗುರ ದೊಡ್ಡದಿರಬೇಕಲ್ಲ.

"ಫ್ಯಾಮಿಲಿ ಡಾಕ್ಟರ್ ಆಗ್ತಾಳಂತೆ," ಎಂದರು ಅವರು ಪಕ್ಕದವರಿಗೆ, ಏದುಸಿರು ಬಿಡುತ್ತಲೇ. "ಇರ್ಲಿ, ನೆಗಡಿ ನೋಡೋಕೂ ಯಾರಾದ್ರೂ ಬೇಕಲ್ಲ."

ವೇದಿಕೆಯಿಡೀ ಹಲ್ಲು ಕಿರಿಯಿತು. ಅವಳ ಕಣ್ಣು ಮಾತ್ರ ಅವರ ಬೆರಳುಗಳ ಮೇಲಿತ್ತು. ತುದಿಗಳು ಊದಿಕೊಂಡು, ಉಗುರುಗಳು ಗಡಿಯಾರದ ಗಾಜಿನಂತೆ ಉಬ್ಬಿದ್ದವು.

"ಸಾರ್, ಈ ಉಗುರು ನೋಡಿದ್ರೆ ಶ್ವಾಸಕೋಶದ ತೊಂದ್ರೆ ಇರಬಹುದು ಅನ್ಸುತ್ತೆ. ಬೇಗ ಎಕ್ಸ್‌ರೇ ತೆಗೆಸಿ," ಎಂದಳು ಮೆಲ್ಲಗೆ.

"ಅದಕ್ಕೆಲ್ಲ ದೊಡ್ಡ ಡಾಕ್ಟರ್ ಇದ್ದಾರಮ್ಮ. ನೀನು ಕ್ಯಾಮೆರಾ ನೋಡು."

ಅವಳು ಕ್ಯಾಮೆರಾ ನೋಡಿದಳು. ಅದೇ ಬೆರಳುಗಳು ಅವಳ ಕೊರಳಿಂದ ಸ್ಟೆತಸ್ಕೋಪ್ ತೆಗೆದು, ಮುಂದಿನವರನ್ನು ಸನ್ನೆ ಮಾಡಿ ಕರೆದವು.